ಅಚ್ಚಿನ ಹೊತ್ತಗೆಯೂ ಕಂಸಾಳೆಯ ಕೊರಳೂ



ಕಳೆದ ತಿಂಗಳು ನಮಗೊಂದು ಪತ್ರ ಬಂದಿತು. ಬರೆದವರು ನಮ್ಮ ಪ್ರಸಾದನಿಲಯದಲ್ಲಿದ್ದುಕೊಂಡು ಓದಿ, ಈಗ ಬೇರೆ ಬೇರೆ ಊರುಗಳಲ್ಲಿ ಗೌರವದ ಉದ್ಯೋಗಗಳಲ್ಲಿರುವ ಏಳು ಮಂದಿ. ಮಠದ ಮೇಲೆ ಅವರಿಗಿರುವ ಅಭಿಮಾನದ ವಿಷಯದಲ್ಲಿ ನಮಗೆ ಲೇಶವೂ ಸಂದೇಹವಿಲ್ಲ. ಬಂಡಳ್ಳಿಯಲ್ಲಿ ಕಾರ್ತಿಕ ಮಾಸದಲ್ಲಿ ನಡೆಯುವ ಮಹದೇಶ್ವರ ಕಥಾಶ್ರವಣಕ್ಕೆ ಕೈಯೆತ್ತಿ ಕೊಡುವವರಲ್ಲಿಯೂ ಅವರೇ ಮುಂದು. ಆದುದರಿಂದಲೇ ಅವರ ಸೂಚನೆಯನ್ನು ಓದಿ ನಮಗೆ ಕಳವಳವಾಯಿತು. ಬರುವ ಕಾರ್ತಿಕದಿಂದ ಕಂಸಾಳೆ ಮೇಳದವರಿಗೆ ಅಚ್ಚಾದ ಕಾವ್ಯದ ಪ್ರತಿಯನ್ನು ಮುಂಚಿತವಾಗಿಯೇ ಕೊಡತಕ್ಕದ್ದು; ಅದರಂತೆಯೇ ಹಾಡಬೇಕೆಂದು ವಿಧಿಸತಕ್ಕದ್ದು; ಬಲ್ಲವರಿಬ್ಬರು ಪುಸ್ತಕ ಹಿಡಿದು ಕುಳಿತು ತಪ್ಪುಗಳನ್ನು ಗುರುತು ಹಾಕತಕ್ಕದ್ದು; ತಪ್ಪು ಕಡಮೆಯಿರುವ ಮೇಳಕ್ಕೆ ಬಹುಮಾನ. ಶುದ್ಧಪಾಠವು ಅಚ್ಚಿನಲ್ಲಿ ಸುಲಭವಾಗಿ ದೊರೆಯುತ್ತಿರುವಾಗ ಅಶುದ್ಧ ಪಾಠವನ್ನು ರಾತ್ರಿಯೆಲ್ಲ ಕೇಳುವುದೇತಕ್ಕೆ ಎಂಬುದು ಅವರ ಪ್ರಶ್ನೆ.

ಏಳು ಮಂದಿಗೂ ಬೇರೆ ಬೇರೆಯಾಗಿ ಉತ್ತರ ಬರೆದು ಸುಮ್ಮನಾಗಬಹುದಿತ್ತು. ಆದರೆ ಈ ಪ್ರಶ್ನೆ ಆ ಏಳು ಮಂದಿಯದು ಮಾತ್ರವೆಂದು ನಮಗೆ ತೋರುವುದಿಲ್ಲ. ಓದಿದವರೆಲ್ಲರ ಮನಸ್ಸಿನ ಮೂಲೆಯಲ್ಲಿ ಇದು ಕುಳಿತಿದೆ; ನಮ್ಮ ಮನಸ್ಸಿನಲ್ಲಿಯೂ ಬಹುಕಾಲ ಕುಳಿತಿತ್ತು. ಅದರ ಫಲವನ್ನು ಮುಂದೆ ಹೇಳುತ್ತೇವೆ. ಆದುದರಿಂದ ನಮ್ಮ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇವೆ.

ಪತ್ರಕ್ಕೆ ಕಾರಣವಾದ ಪ್ರಸಂಗವನ್ನು ಅಂದು ಅಲ್ಲಿಲ್ಲದವರಿಗಾಗಿ ಹೇಳಬೇಕು. ಹೋದ ಕಾರ್ತಿಕದ ಎರಡನೆಯ ಸೋಮವಾರ ಬಂಡಳ್ಳಿಯಲ್ಲಿ ಕಥೆ ಆರಂಭವಾದಾಗ ರಾತ್ರಿ ಹತ್ತು ಗಂಟೆ ಮೀರಿತ್ತು. ಹಾಡುತ್ತಿದ್ದವರು ಎಪ್ಪತ್ತು ದಾಟಿದ ದೇವರಗುಡ್ಡರು, ಅಕ್ಷರ ಬಾರದವರು, ತಂದೆಯ ಬಾಯಿಂದ ಕಥೆ ಕಲಿತವರು. ಅಂದು ಎತ್ತಿಕೊಂಡದ್ದು ಸಂಕಮ್ಮನ ಸಾಲು. ಕಾಡಿಗೆ ಹೊರಡುವ ಗಂಡ ಹೆಂಡತಿಯನ್ನು 'ಭಾಷೆ ಕೊಡು' ಎಂದು ಪೀಡಿಸುವ ಸಂದರ್ಭ ಬಂದಾಗ ಅವರು ಅಲ್ಲಿಯೇ ನಿಂತರು. ಮುಂದೆ ಕುಳಿತಿದ್ದವರಲ್ಲಿ ಹೆಂಗಸರೇ ಹೆಚ್ಚು. ಅವರ ಮುಖ ನೋಡಿ ಹಾಡುಗಾರರು ಸಂಕಮ್ಮನ ದುಃಖವನ್ನು ಬೆಳೆಸುತ್ತ ಹೋದರು. ಅವಳು ತವರನ್ನು ನೆನೆದಳು, ಒಲೆಯನ್ನು ನೆನೆದಳು, ಕಾಡಿನ ಒಂದೊಂದು ಮರವನ್ನೂ ಸಾಕ್ಷಿಗೆ ಕರೆದಳು. ಹಿಮ್ಮೇಳದವರು ಸೊಲ್ಲು ಕೊಡುತ್ತಿದ್ದರು. ಕಂಸಾಳೆಯ ಪೆಟ್ಟು ಬರಬರುತ್ತ ಸಣ್ಣದಾಗಿ, ಕೊನೆಗೆ ಉಗುರಿನಿಂದ ತಟ್ಟಿದಷ್ಟೇ ಆಯಿತು. ಅರ್ಧ ಗಂಟೆಯಾದರೂ ಆಗಿರಬೇಕು. ಸೆರಗಿನಿಂದ ಕಣ್ಣೊರೆಸಿಕೊಳ್ಳದ ಹೆಂಗಸು ಅಲ್ಲಿರಲಿಲ್ಲ.

ಆಗ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಎದ್ದುನಿಂತರು. ಕೈಯಲ್ಲಿ ಪುಸ್ತಕ, ಪುಟದ ನಡುವೆ ಬೆರಳು. 'ಅಯ್ಯಾ, ಇದು ಯಾವುದೂ ಕಾವ್ಯದಲ್ಲಿ ಇಲ್ಲ. ನೀವು ನಾಲ್ಕು ಪುಟ ಬಿಟ್ಟಿದ್ದೀರಿ, ಇಲ್ಲದ್ದನ್ನು ಸೇರಿಸಿದ್ದೀರಿ' ಎಂದರು. ಅವರ ದನಿಯಲ್ಲಿ ಒರಟುತನವಿರಲಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಮಾತನಾಡುವ ವಿನಯವೇ ಇತ್ತು. ವೃದ್ಧರು ಕಂಸಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮತ್ತ ತಿರುಗಿ, 'ಪುಸ್ತಕದವ್ರೇ ಹೇಳ್ಲಿ ಬುದ್ದಿ, ನಾ ಕೇಳ್ಕತೀನಿ' ಎಂದರು. ಅಷ್ಟೆ. ನಾವು ಎಷ್ಟು ಹೇಳಿಕೊಂಡ ಮೇಲೆ ಅವರು ಮತ್ತೆ ಹಾಡಿದರು. ಆದರೆ ಉಳಿದ ಕಥೆಯನ್ನು ವರದಿ ಒಪ್ಪಿಸುವವರಂತೆ ಮುಗಿಸಿದರು. ಬೆಳಗಿನ ಜಾವದವರೆಗೆ ನಡೆಯಬೇಕಾದ ಕಥೆ ಎರಡು ಗಂಟೆಗೇ ಮುಗಿಯಿತು. ಮಂಗಳಕ್ಕೆ ಮೊದಲೇ ಜನ ಚಾಪೆ ಸುತ್ತಿಕೊಂಡರು.

ಪತ್ರ ಬರೆದವರು ಇದನ್ನು 'ತಪ್ಪು ಬಯಲಾದ ಪ್ರಸಂಗ' ಎಂದು ಕರೆದಿದ್ದಾರೆ. ತಪ್ಪು ಯಾರದು ಎಂಬುದನ್ನು ವಿಚಾರಿಸೋಣ.

ಮೊದಲು ಆ ಪುಸ್ತಕವೆಂಬುದು ಏನು? ಮಲೆಯ ಮಹದೇಶ್ವರರ ಕಾವ್ಯವನ್ನು ಕಂಸಾಳೆಯವರ ಬಾಯಿಂದ ಕೇಳಿ ಬರೆದುಕೊಂಡು ಡಾ. ಪಿ. ಕೆ. ರಾಜಶೇಖರ ಅವರು ದೊಡ್ಡ ಸಂಪುಟವಾಗಿ ಪ್ರಕಟಿಸಿದ್ದು 1973ರಲ್ಲಿ. ಅದಕ್ಕೆ ಅವರು ಪಟ್ಟ ಶ್ರಮಕ್ಕೆ ನಾವೆಲ್ಲರೂ ಋಣಿಗಳು. ಅನಂತರ ಕೆ. ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದ ಮತ್ತೊಂದು ಪಾಠವು ಹೊರಬಂದಿತು. ಅದರ ಇಂಗ್ಲಿಷ್ ಅನುವಾದವನ್ನು ಕೇಂದ್ರ ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಆ ಅನುವಾದದ ಮುಖಪುಟವನ್ನು ದಯವಿಟ್ಟು ನೋಡಿರಿ. 'ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳದವರು ಹಾಡಿದಂತೆ' ಎಂದು ಅಲ್ಲಿಯೇ ಅಚ್ಚಾಗಿದೆ. ಸಂಪಾದಕರೂ ಅನುವಾದಕರೂ ಎಷ್ಟು ಪ್ರಾಮಾಣಿಕರು! ಇದು ಮಾದಯ್ಯನವರು ಹಾಡಿದ್ದು ಎಂದು ಹೇಳಿದರೇ ಹೊರತು, ಇದೇ ಮಹದೇಶ್ವರ ಕಾವ್ಯ, ಇದರಾಚೆಗೆ ಬೇರಿಲ್ಲ ಎಂದು ಅವರು ಹೇಳಲಿಲ್ಲ. ಹಾಗೆ ಹೇಳುತ್ತಿರುವವರು ನಾವು, ಓದುಗರು. ಒಬ್ಬ ದೇವರಗುಡ್ಡನ ಕೆಲವು ರಾತ್ರಿಗಳ ಹಾಡನ್ನು ಕಾಗದಕ್ಕಿಳಿಸಿಕೊಂಡು, ಅದೇ ಕಾಗದವನ್ನು ಇನ್ನೊಬ್ಬ ದೇವರಗುಡ್ಡನ ಮುಖದ ಮುಂದೆ ಹಿಡಿದು 'ನೀನು ತಪ್ಪಿದೆ' ಎನ್ನುವುದು ಯಾವ ನ್ಯಾಯ? ಮಾದಯ್ಯನವರೇ ಮತ್ತೊಂದು ರಾತ್ರಿ ಮತ್ತೊಂದು ಊರಿನಲ್ಲಿ ಹಾಡಿದ್ದರೆ ಆ ಪುಸ್ತಕಕ್ಕೆ ತಾವೇ ತಪ್ಪುತ್ತಿದ್ದರು.

ಇದು ನಮ್ಮ ಊಹೆಯ ಮಾತಲ್ಲ. 1933ರಿಂದ 1935ರವರೆಗೆ ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸರು ಅಂದಿನ ಯುಗೊಸ್ಲಾವಿಯಾದ ಹಳ್ಳಿಗಳಲ್ಲಿ, ಗುಸ್ಲೆ ಎಂಬ ತಂತಿವಾದ್ಯ ಹಿಡಿದು ವೀರಕಥೆ ಹಾಡುವ ಅನಕ್ಷರಸ್ಥ ಗಾಯಕರ ಹಾಡುಗಳನ್ನು ಧ್ವನಿಮುದ್ರಿಸಿದರು. ಅವರ ಶಿಷ್ಯರಾದ ಆಲ್ಬರ್ಟ್ ಲಾರ್ಡ್ 1960ರಲ್ಲಿ ಆ ವಿಷಯವಾಗಿ ಬರೆದ ಗ್ರಂಥ ನಮ್ಮ ವಿಶ್ವವಿದ್ಯಾಲಯದ ದಿನಗಳಲ್ಲಿ ಓದಲೇಬೇಕಾದುದಾಗಿತ್ತು. ಗಾಯಕನನ್ನು ಕೇಳಿದರೆ 'ಹಿಂದೆ ಹಾಡಿದ ಹಾಗೆಯೇ, ಒಂದು ಮಾತೂ ಬಿಡದೆ ಹಾಡಿದ್ದೇನೆ' ಎನ್ನುತ್ತಾನೆ. ಎರಡು ಮುದ್ರಣಗಳನ್ನು ಒಟ್ಟಿಗಿಟ್ಟು ನೋಡಿದರೆ ಸಾಲು ಸಾಲಿಗೂ ವ್ಯತ್ಯಾಸ. ಅವನು ಸುಳ್ಳಾಡಲಿಲ್ಲ. ಅವನಿಗೆ 'ಹಾಗೆಯೇ' ಎಂದರೆ ಕಥೆ ಕೆಡದ ಹಾಗೆ, ಧಾಟಿ ಮುರಿಯದ ಹಾಗೆ, ಕೇಳುವವರಿಗೆ ಸಲ್ಲುವ ಹಾಗೆ. ಮೊಳೆ ಜೋಡಿಸಿ ಅಚ್ಚೊತ್ತುವ ಕಾಲ ಬಂದ ಮೇಲೆ ನಾವು 'ಹಾಗೆಯೇ' ಎಂಬ ಪದಕ್ಕೆ ಬೇರೆ ಅರ್ಥ ಕಲಿತೆವು. ಲಾರ್ಡ್ ಅವರು ಅಲ್ಲಿ ಮತ್ತೊಂದನ್ನೂ ಕಂಡರು. ಹಾಡುಗಳ ಅಚ್ಚಿನ ಪುಸ್ತಕಗಳು ಹಳ್ಳಿಗಳನ್ನು ಹೊಕ್ಕ ಮೇಲೆ, ಅವನ್ನು ಬಾಯಿಪಾಠ ಮಾಡಿ ಒಪ್ಪಿಸುವ ಹೊಸ ಗಾಯಕರು ಹುಟ್ಟಿಕೊಂಡರು. ಪುಸ್ತಕದಲ್ಲಿದ್ದುದನ್ನು ಅವರು ತಪ್ಪದೆ ಹಾಡಬಲ್ಲರು. ಇಲ್ಲದುದನ್ನು ನಿಂತ ನಿಲುವಿನಲ್ಲಿ ಕಟ್ಟಲಾರರು. ಬಂಡಳ್ಳಿಗೆ ಬಹುಮಾನ ಕೊಟ್ಟು ನಾವು ತರಿಸಿಕೊಳ್ಳಹೊರಟಿರುವುದು ಇವರನ್ನೇ.

ಇಷ್ಟು ಓದಿ, ಸ್ವಾಮಿಗಳು ಅಚ್ಚಿನ ವೈರಿಗಳಾದರು ಎಂದು ಯಾರೂ ತಿಳಿಯಬಾರದು. ಈ ಪತ್ರಿಕೆಯ ಕರಡು ತಿದ್ದಿ ತಿದ್ದಿ ಕೈಗೆ ಮಸಿ ಹತ್ತಿಸಿಕೊಂಡವರು ನಾವು. ಅಚ್ಚಿನ ಉಪಕಾರವನ್ನು ನಮ್ಮ ಸಮಾಜ ಮರೆತರೆ ಅದು ಕೃತಘ್ನತೆಯಾದೀತು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ವಕೀಲರಾದ ಅವರು ಇದ್ದ ಮನೆಯನ್ನೂ ಮಾರಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಬಂದಿತು. ಅದಕ್ಕೆ ಮೊದಲು ವಚನಗಳ ಕಟ್ಟುಗಳು ಬಹುಪಾಲು ಮಠಗಳಲ್ಲಿಯೂ ಮನೆಗಳ ಜಗುಲಿಗಳಲ್ಲಿಯೂ ಪೂಜೆಗೊಳ್ಳುತ್ತ ಕುಳಿತಿದ್ದುವು. ಪೂಜಿಸುವವರಲ್ಲಿ ಬಿಚ್ಚಿ ಓದಿದವರು ವಿರಳ.

ಇಂದು ನಾವು ವಚನಗಾಯನವೆಂದು ಕರೆಯುವುದಕ್ಕೆ ಈ ಅಚ್ಚೇ ತಾಯಿ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇವರ ಕಂಠದಲ್ಲಿ ವಚನಗಳನ್ನು ಕೇಳಿದ ಪುಣ್ಯವಂತರು ನಿಮ್ಮಲ್ಲಿ ಇನ್ನೂ ಇದ್ದೀರಿ. ಆ ವಚನಗಳು ಅವರ ಕೈಸೇರುವ ಮೊದಲು ಯಾವುದೋ ಮುದ್ರಣಾಲಯದ ಮೊಳೆಗಳ ನಡುವೆ ಹಾದು ಬಂದಿದ್ದುವು. ಆದರೆ ಮುದ್ರಣಾಲಯದಿಂದ ಬಂದದ್ದು ಮಾತು. ರಾಗವನ್ನು ತಂದವರು ಗಾಯಕರು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಅವರ ಬಳಿ ಕಲಿತ ಎಷ್ಟೋ ಅಂಧ ಬಾಲಕರು ಅಚ್ಚಿನ ಪುಟವನ್ನು ಒಂದು ದಿನವೂ ಕಂಡವರಲ್ಲ. ಕಣ್ಣಿದ್ದವರು ಓದಿ ಹೇಳಿದರು, ಗುರುಗಳು ಹಾಡಿ ತೋರಿದರು, ಮಕ್ಕಳು ಕಿವಿಯಿಂದ ಕಲಿತರು, ಕಲಿತು ಉತ್ತರ ಕರ್ನಾಟಕದ ಜಾತ್ರೆ ಜಾತ್ರೆಗಳಲ್ಲಿ ಹಾಡಿದರು. ವಚನವನ್ನು ಅಕ್ಷರ ಬಾರದ ರೈತನ ಕಿವಿಗೆ ಮುಟ್ಟಿಸಿದ ಕೀರ್ತಿಯಲ್ಲಿ ಹಳಕಟ್ಟಿಯವರ ಮುದ್ರಣಾಲಯಕ್ಕೆ ಪಾಲಿದೆ. ಪುಸ್ತಕ ನೋಡಲಾಗದ ಈ ಗವಾಯಿಗಳಿಗೂ ಅಷ್ಟೇ ಪಾಲಿದೆ.

ಇಲ್ಲಿಯೇ ಒಂದು ಸೂಕ್ಷ್ಮವನ್ನು ಹೇಳಿಬಿಡುತ್ತೇವೆ. ಓಲೆಗರಿಯಲ್ಲಿ ವಚನವು ಒಂದೇ ಧಾರೆಯಾಗಿ ಬರೆಯಲ್ಪಟ್ಟಿರುತ್ತದೆ; ಗರಿಯ ಅಂಚು ಬಂದಾಗ ಸಾಲು ಮುರಿಯುತ್ತದೆ, ಅರ್ಥ ಮುಗಿದಾಗ ಅಲ್ಲ. ಇಂದಿನ ಪುಸ್ತಕಗಳಲ್ಲಿ ನಾವು ಕಾಣುವ ಮೇಲೆ ಕೆಳಗಿನ ಸಾಲುಗಳು ಸಂಪಾದಕರು ಮಾಡಿದ ವಿಂಗಡಣೆ. ಓದಲು ಅನುಕೂಲವಾಗಲೆಂದು ಮಾಡಿದ ಈ ವಿಂಗಡಣೆಯನ್ನು ಇಂದಿನ ಗಾಯಕರು ಹಾಡುವಾಗ ಗಮನಿಸಿರಿ: ಅಚ್ಚಿನ ಸಾಲು ಮುಗಿದಲ್ಲಿ ಅವರ ಉಸಿರು ನಿಲ್ಲುತ್ತದೆ. ಸಂಪಾದಕರು ಸಾಲನ್ನು ಬೇರೆ ಕಡೆ ಒಡೆದಿದ್ದರೆ ಹಾಡೂ ಬೇರೆಯಾಗುತ್ತಿತ್ತು. ಬಸವಣ್ಣನವರ ಉಸಿರು ಎಲ್ಲಿ ನಿಲ್ಲುತ್ತಿತ್ತೋ ಬಲ್ಲವರಾರು! ಪುಸ್ತಕವು ಮೌನವಾಗಿಯೇ ಹಾಡನ್ನು ತಿದ್ದುತ್ತಿದೆ ಎಂಬ ಎಚ್ಚರವಾದರೂ ನಮಗಿರಬೇಕು.

ಯುರೋಪಿನವರ ಕಥೆ ಬೇರೆ. 1501ರಲ್ಲಿ ವೆನಿಸ್ ನಗರದಲ್ಲಿ ಪೆಟ್ರುಚ್ಚಿ ಎಂಬ ಮುದ್ರಕನು ಹಾಡಿನ ಸ್ವರಗಳನ್ನೇ ಮೊಳೆಗಳಿಂದ ಅಚ್ಚುಹಾಕಿದನು. ಗೆರೆಗಳಿಗೆ ಒಂದು ಸಲ, ಸ್ವರದ ಗುರುತುಗಳಿಗೆ ಒಂದು ಸಲ, ಮಾತಿಗೆ ಒಂದು ಸಲ, ಹೀಗೆ ಒಂದೇ ಹಾಳೆಯನ್ನು ಹಲವು ಸಲ ಒತ್ತಬೇಕಾಗುತ್ತಿತ್ತು. ಸುಮಾರು 1528ರ ಹೊತ್ತಿಗೆ ಪ್ಯಾರಿಸ್ಸಿನ ಆತೆಂಞಾ ಎಂಬಾತನು ಎಲ್ಲವನ್ನೂ ಒಂದೇ ಒತ್ತಿಗೆ ತಂದಾಗ ಬೆಲೆ ಇಳಿಯಿತು, ಪುಸ್ತಕಗಳು ಹರಡಿದುವು. 1524ರಲ್ಲಿ ಎಂಟೇ ಹಾಡುಗಳ ಸಣ್ಣ ಪುಸ್ತಕವೊಂದು ಲೂಥರನ ಪಂಥದ ಗೀತೆಗಳನ್ನು ಜರ್ಮನಿಯ ಸಾಮಾನ್ಯರ ಬಾಯಿಗೆ ತಂದಿತು. ಒಂದು ಊರಿನಲ್ಲಿ ಕಟ್ಟಿದ ಹಾಡನ್ನು, ಕಟ್ಟಿದವನನ್ನು ಕಾಣದೆಯೇ, ಮತ್ತೊಂದು ಊರಿನವನು ಪುಟ ನೋಡಿ ಹಾಡಬಲ್ಲವನಾದನು. ಅಲ್ಲಿ 'ಪುಸ್ತಕದಂತೆ ಹಾಡು' ಎಂಬ ಮಾತಿಗೆ ಅರ್ಥವುಂಟು. ಪುಸ್ತಕದಲ್ಲಿ ಹಾಡು ಇದೆ.

ನಮ್ಮಲ್ಲಿ ನಡೆದದ್ದೇನು? ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟ ತೆರೆದರು. ಮೋಗ್ಲಿಂಗ್ ಅವರು ಕನ್ನಡದ ಹಳೆಯ ಗ್ರಂಥಗಳ ಮಾಲೆಯೊಂದನ್ನು 1848ರಿಂದ ಹೊರಡಿಸಿದರು. ನಮ್ಮ ಬಸವಪುರಾಣವೂ ದಾಸರ ಪದಗಳೂ ಅದರಲ್ಲಿ ಬಂದುವು. ಕ್ರೈಸ್ತ ಪಾದ್ರಿಯ ಕೈಯಿಂದ ಹರಿದಾಸರ ಪದಗಳು ಅಚ್ಚಿಗೇರಿದುದು ಇತಿಹಾಸದ ಒಂದು ಸೋಜಿಗ. ಆದರೆ ಅಚ್ಚಾದದ್ದು ಪದಗಳ ಸಾಹಿತ್ಯ. ಮುಂದೆ ಬಂದ ಹಾಡಿನ ಪುಸ್ತಕಗಳಲ್ಲಿಯೂ ಅದೇ ಕಥೆ: ಮೇಲೆ ರಾಗದ ಹೆಸರು, ತಾಳದ ಹೆಸರು, ಅದೂ ಇಲ್ಲದಿದ್ದರೆ ಇಂಥ ಪದದ ಮಟ್ಟು, ಇಂಥ ಹಾಡಿನ ಧಾಟಿ. ಆ 'ಇಂಥ ಪದ'ವನ್ನು ಕೇಳಿಲ್ಲದವನಿಗೆ ಪುಟ ಮೂಕ. 1904ರಲ್ಲಿ ಎಟ್ಟಯಪುರದ ಸುಬ್ಬರಾಮ ದೀಕ್ಷಿತರು ತೆಲುಗು ಲಿಪಿಯಲ್ಲಿ ಸ್ವರಲಿಪಿಯನ್ನೂ, ಗಮಕಗಳಿಗೆ ಪ್ರತ್ಯೇಕ ಚಿಹ್ನೆಗಳನ್ನೂ ಅಚ್ಚುಹಾಕಿಸಿ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯನ್ನು ಹೊರತಂದರು, ಮಹತ್ಕಾರ್ಯ. ಆದರೂ ಇಂದಿಗೂ ಆ ಕೃತಿಗಳನ್ನು ಕಲಿಯುವವನು ಗುರುವಿನ ಮುಂದೆ ಕುಳಿತೇ ಕಲಿಯುತ್ತಾನೆ. ಗ್ರಂಥವನ್ನು ಗುರುವೂ ಶಿಷ್ಯನೂ ಸೇರಿ ನೋಡುತ್ತಾರೆ. ಸ್ವರಲಿಪಿಯುಳ್ಳ ಶಾಸ್ತ್ರೀಯ ಸಂಗೀತದಲ್ಲಿಯೇ ಹೀಗಿರುವಾಗ, ಸ್ವರಲಿಪಿಯೇ ಇಲ್ಲದ, ಸೊಲ್ಲನ್ನು ಒಮ್ಮೆ ಅಚ್ಚುಹಾಕಿ ಮತ್ತೆ ಮತ್ತೆ ಹಾಕಿದರೆ ಕಾಗದ ದಂಡವೆಂದು ಬಿಟ್ಟುಬಿಡುವ ಪುಸ್ತಕವನ್ನು ಹಿಡಿದು ಕಂಸಾಳೆಯವರ ತಪ್ಪು ಎಣಿಸಬಹುದೇ? ಅರ್ಧ ಗಂಟೆ ಸಂಕಮ್ಮನ ದುಃಖವನ್ನು ಹೊತ್ತು ನಿಂತದ್ದು ಆ ಬಿಟ್ಟುಬಿಟ್ಟ ಸೊಲ್ಲೇ.

ಪತ್ರದಲ್ಲಿ ಒಂದು ಮಾತು ಬಲವಾಗಿಯೇ ಇದೆ. ಪುಸ್ತಕದ ಕಟ್ಟು ಇಲ್ಲದಿದ್ದರೆ ಹಾಡುಗಾರರು ಸಿನಿಮಾ ಮಟ್ಟುಗಳನ್ನು ತುರುಕುತ್ತಾರೆ, ದುಡ್ಡು ಕೊಟ್ಟವರ ಹೆಸರನ್ನು ಕಥೆಯೊಳಗೆ ಸೇರಿಸುತ್ತಾರೆ, ನಲವತ್ತೈದು ನಿಮಿಷದಲ್ಲಿ ಕಥೆ ಮುಗಿಸುತ್ತಾರೆ ಎಂದು. ಇದನ್ನು ಅಲ್ಲಗಳೆಯಲಾಗದು. ಕ್ಯಾಸೆಟ್ಟಿನ ಕಾಲದಲ್ಲಿ ಇದು ಬಹಳವಾಯಿತು. ಒಂದು ಮಗ್ಗುಲಿಗೆ ಅರ್ಧ ಗಂಟೆ ಎಂದರೆ ಕಥೆ ಅರ್ಧ ಗಂಟೆಗೇ ತಿರುಗಬೇಕಾಯಿತು. ಈಗ ಮೊಬೈಲಿನ ಕಾಲದಲ್ಲಿ ಅದಕ್ಕಿಂತಲೂ ಮೊಟಕು. ಆದರೆ ಪುಸ್ತಕ ಇದಕ್ಕೆ ಮದ್ದೇ? ನಮ್ಮ ಭಜನೆಯ ಮಂಡಲಿಗಳನ್ನೇ ನೋಡಿಕೊಳ್ಳೋಣ. ತತ್ತ್ವಪದಗಳ ಪುಸ್ತಕ ಪೇಟೆಯಲ್ಲಿ ದೊರೆಯಿತು; ಪದ ದೊರೆಯಿತು, ಧಾಟಿ ದೊರೆಯಲಿಲ್ಲ. ಧಾಟಿ ಇಲ್ಲದವನು ಏನು ಮಾಡಿಯಾನು? ಹಿಂದೆ ಕಂಪನಿ ನಾಟಕದ ಮಟ್ಟು ಹಚ್ಚಿದನು. ಮುಂದೆ ಸಿನಿಮಾದ ಮಟ್ಟು ಹಚ್ಚಿದನು. ಟೆಂಟು ಸಿನಿಮಾದ ಬಾಗಿಲಲ್ಲಿ ಹಾಡಿನ ಪುಸ್ತಕ ಕೊಂಡವನಿಗೆ ಧಾಟಿ ಒಳಗೆ ಪರದೆಯ ಮೇಲೆ ದೊರೆಯುತ್ತಿತ್ತು. ನಿಜಗುಣರ ಪುಸ್ತಕ ಕೊಂಡವನಿಗೆ ಎಲ್ಲಿ ದೊರೆಯಬೇಕು? ಸಿನಿಮಾ ಮಟ್ಟುಗಳು ನಮ್ಮ ಮಠಗಳೊಳಕ್ಕೆ ಬಂದದ್ದು ಪುಸ್ತಕವಿಲ್ಲದ ದೇವರಗುಡ್ಡರಿಂದಲ್ಲ, ಪುಸ್ತಕ ಹಿಡಿದ ನಮ್ಮಿಂದಲೇ. ಕಂಸಾಳೆಯವರನ್ನು ಇದುವರೆಗೆ ಕಾಯ್ದದ್ದು ಗುರುವಿನಿಂದ ಪಡೆದ ದೀಕ್ಷೆ, ಹಾಗೂ ಮುಂದೆ ಕುಳಿತು ಕಥೆಯನ್ನು ಬಲ್ಲ ಜನ. ಬಂಡಳ್ಳಿಯ ಅಜ್ಜಿಯರ ಮುಂದೆ ಜುಂಜೇಗೌಡನ ಸಾಲಿನಲ್ಲಿ ಇಲ್ಲದ್ದನ್ನು ಹಾಡಿ ಒಬ್ಬನು ಗೆದ್ದು ಬರಲಿ, ನೋಡೋಣ!

ಈ ಸೀಮೆಯ ಚರಿತ್ರೆಯನ್ನೂ ಒಮ್ಮೆ ನೆನೆಯಿರಿ. 1956ರ ನವೆಂಬರಿನವರೆಗೆ ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದ್ದು. ಕನ್ನಡದ ಪ್ರಕಟಣೆಗೆ ಮೈಸೂರು ಬೆಂಗಳೂರುಗಳು ಹೆಸರಾಗಿದ್ದರೆ, ನಮ್ಮವರ ಕಛೇರಿಯ ಕಾಗದಗಳು ಕೊಯಮತ್ತೂರಿನ ದಾರಿ ಹಿಡಿಯುತ್ತಿದ್ದುವು. ಈ ಎಲ್ಲೆಗಳಲ್ಲಿ ಯಾವುದೂ ಮಾದಪ್ಪನ ಹಾಡಿಗೆ ಅಡ್ಡಬರಲಿಲ್ಲ. ತಾಳುಬೆಟ್ಟ ಹತ್ತುವ ಪರಿಸೆಯವರು ಮಂಡ್ಯದ ಕಡೆಯವರೂ ಇದ್ದರು, ಸೇಲಂ ಕಡೆಯವರೂ ಇದ್ದರು. ಮಂಟೇಸ್ವಾಮಿಯ ನೀಲಗಾರರು ತಂಬೂರಿ ಹಿಡಿದು ಚಿಕ್ಕಲ್ಲೂರಿನಿಂದ ಕಪ್ಪಡಿಯವರೆಗೆ ನಡೆದರು. ಒಂದು ಪುಟವೂ ಅಚ್ಚಾಗದೆ, ಇಷ್ಟು ದೊಡ್ಡ ಕಾವ್ಯಗಳು ಇಷ್ಟು ವಿಶಾಲವಾದ ನಾಡಿನಲ್ಲಿ ಶತಮಾನಗಳ ಕಾಲ ಬಾಳಿದುವು. ಓದು ಬರಹ ನಿಷಿದ್ಧವಾಗಿದ್ದ ಜಾತಿಗಳ ಜನರೇ ಅವನ್ನು ಬಾಳಿಸಿದವರು. ಇಂದು ನಾವು ಪದವಿ ಪಡೆದು ಬಂದು ಅವರ ಉಚ್ಚಾರ ತಿದ್ದುತ್ತೇವೆ ಎನ್ನುವುದರಲ್ಲಿ ವಿದ್ಯೆಗಿಂತ ಬೇರೆ ಏನೋ ಸೇರಿಕೊಂಡಿದೆ ಎಂಬ ಶಂಕೆ ನಮಗಿದೆ. ಪತ್ರ ಬರೆದವರು ಏಕಾಂತದಲ್ಲಿ ಯೋಚಿಸಲಿ.

ಇನ್ನು ನಮ್ಮ ತಪ್ಪನ್ನು ಹೇಳಬೇಕು.

ಕೈವಲ್ಯಪದ್ಧತಿಯನ್ನು ಕೊಟ್ಟ ನಿಜಗುಣ ಶಿವಯೋಗಿಗಳು ಈ ಮಣ್ಣಿನವರು. ಚಿಲಕವಾಡಿಯ ಶಂಭುಲಿಂಗನ ಬೆಟ್ಟವನ್ನು ನೀವೆಲ್ಲರೂ ಹತ್ತಿದ್ದೀರಿ. ವಿವೇಕಚಿಂತಾಮಣಿಯಲ್ಲಿ ಸಂಗೀತಶಾಸ್ತ್ರದ ವಿಷಯವನ್ನೂ ಬರೆದಿಟ್ಟ ಬಹುಶ್ರುತರು ಅವರು. ಕೈವಲ್ಯಪದ್ಧತಿಯ ಹಾಡುಗಳು ಓದುವುದಕ್ಕಾಗಿ ಹುಟ್ಟಿದವಲ್ಲ, ರಾಗ ತಾಳಗಳೊಡನೆ ಹುಟ್ಟಿದುವು. ಇದೇ ಸೀಮೆಯ ಮುಪ್ಪಿನ ಷಡಕ್ಷರಿಗಳ ಪದಗಳೂ ಹಾಗೆಯೇ. ಅವರ 'ತಿರುಕನ ಕನಸು' ಶಾಲೆಯ ಪಠ್ಯಪುಸ್ತಕದಲ್ಲಿ ಅಚ್ಚಾಗಿ ಕನ್ನಡನಾಡಿನ ಮಕ್ಕಳಿಗೆಲ್ಲ ಬಾಯಿಪಾಠವಾಯಿತು. ಅದು ಹಾಡೆಂಬುದೇ ಮಕ್ಕಳಿಗೆ ಮರೆತುಹೋಯಿತು. ಅಚ್ಚು ಕೊಟ್ಟದ್ದೂ ಕಸಿದದ್ದೂ ಒಂದೇ ಪುಟದಲ್ಲಿ.

ಮುವ್ವತ್ತು ವರ್ಷಗಳ ಹಿಂದೆ ನಾವ್ವು ಸಂಸ್ಕೃತ ಪಾಠಶಾಲೆಯನ್ನೂ ಮೈಸೂರಿನ ಎಂ.ಎ. ತರಗತಿಯನ್ನೂ ಮುಗಿಸಿ ಬಂದ ಹೊಸದು. ಸೋಮವಾರಗಳ ಭಜನೆಗೆ ವೃದ್ಧ ಶರಣೆಯೊಬ್ಬರು ಬರುತ್ತಿದ್ದರು. ನಿಜಗುಣರ ಪದಗಳನ್ನು ಅವರು ಹಾಡುತ್ತಿದ್ದ ಧಾಟಿ ನಾವು ಬೇರೆಲ್ಲಿಯೂ ಕೇಳದ್ದು. ಒಂದು ಸೋಮವಾರ ಅವರು ಹಾಡಿದ ಪದದಲ್ಲಿ ಒಂದು ಶಬ್ದ ನಮ್ಮ ಕೈಯಲ್ಲಿದ್ದ ಪುಸ್ತಕದಂತೆ ಇರಲಿಲ್ಲ. ತಿದ್ದಿದೆವು. ಅಷ್ಟಕ್ಕೆ ಸುಮ್ಮನಿರದೆ, ಈ ಪದಕ್ಕೆ ಪುಸ್ತಕದಲ್ಲಿ ಹೇಳಿರುವ ರಾಗವೇ ಬೇರೆ, ನೀವು ಹಾಡುತ್ತಿರುವುದು ಆ ರಾಗವಲ್ಲ ಎಂದೂ ಹೇಳಿದೆವು. ಆಕೆ ಪುಸ್ತಕವನ್ನು ಇಸಿದುಕೊಂಡು, ಓದಲು ಬಾರದಿದ್ದರೂ ಪುಟದ ಮೇಲೆ ಕೈಯಾಡಿಸಿ, 'ಇದ್ರಲ್ಲಿ ರಾಗದ ಹೆಸ್ರದ ಅಂತೀರಿ. ರಾಗ ಎಲ್ಲದ ಬುದ್ದಿ?' ಎಂದು ಕೇಳಿದರು. ಸಭೆ ನಕ್ಕಿತು. ನಾವೂ ನಕ್ಕೆವು, ಅಜ್ಜಿಯ ಮುಗ್ಧತೆಗೆ ನಕ್ಕೆವೆಂದು ಆಗ ತಿಳಿದಿದ್ದೆವು.

ಅನಂತರದ ಸೋಮವಾರಗಳಲ್ಲಿ ಆಕೆ ಬಂದರು, ಪ್ರಸಾದ ತೆಗೆದುಕೊಂಡರು, ಹಾಡಲಿಲ್ಲ. ಕೇಳಿದರೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದರು. ಮರುವರ್ಷ ಲಿಂಗೈಕ್ಯರಾದರು. ಕೆಲವು ಕಾಲದ ಮೇಲೆ ಅದೇ ಗ್ರಂಥದ ಹಳೆಯ ಮುದ್ರಣವೊಂದು ನಮಗೆ ದೊರೆಯಿತು. ತೆರೆದು ನೋಡಿದರೆ ಆ ಶಬ್ದ ಆಕೆ ಹಾಡಿದಂತೆಯೇ ಅಚ್ಚಾಗಿತ್ತು. ಶಬ್ದದ ಲೆಕ್ಕ ಹಾಗೆ ಚುಕ್ತಾ ಆಯಿತೆನ್ನಿ. ಧಾಟಿಯ ಲೆಕ್ಕವೇನು? ಆಕೆ ಯಾರಿಂದ ಕಲಿತರು, ಅವರು ಯಾರಿಂದ ಕಲಿತಿದ್ದರು ಎಂದು ಒಂದು ದಿನವೂ ನಾವು ಕೇಳಲಿಲ್ಲ. ಆಕೆಯ ಸೊಸೆಯಂದಿರು ಇಂದು ಅದೇ ಪದವನ್ನು ಪುಸ್ತಕ ನೋಡಿ ಹಾಡುತ್ತಾರೆ, ಶಬ್ದ ಒಂದೂ ತಪ್ಪುವುದಿಲ್ಲ, ಧಾಟಿ ರೇಡಿಯೋದ್ದು. ಶಂಭುಲಿಂಗನ ಬೆಟ್ಟದ ತಪ್ಪಲಿನಲ್ಲಿ ಹಾಡಿನಿಂದ ಹಾಡಿಗೆ ಹರಿದು ಬಂದ ಒಂದು ಧಾಟಿ ನಮ್ಮ ಪಾಂಡಿತ್ಯದ ಮುಂದೆ ಬಾಯಿ ಮುಚ್ಚಿತು. ಬಂಡಳ್ಳಿಯಲ್ಲಿ ಆ ವೃದ್ಧರು ಕಂಸಾಳೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ನಮ್ಮ ಕಣ್ಣಮುಂದೆ ಬಂದದ್ದು ಆಕೆಯ ಕೈ, ಪುಟದ ಮೇಲೆ ಆಡಿದ ಕೈ. ಪುಸ್ತಕ ಹಿಡಿದು ಎದ್ದುನಿಂತ ಆ ತಮ್ಮನ ಮೇಲೆ ನಮಗೆ ಕೋಪ ಬಾರದಿರಲು ಇದೇ ಕಾರಣ.

ಇರಲಿ. ಪ್ರಕೃತಕ್ಕೆ ಬರೋಣ. ಸೂಚನೆಗಳ ವಿಷಯದಲ್ಲಿ ನಮ್ಮ ತೀರ್ಮಾನ ಹೀಗಿದೆ. ಬರುವ ಕಾರ್ತಿಕದಲ್ಲಿ ಬಂಡಳ್ಳಿಯ ಕಥಾಶ್ರವಣದಲ್ಲಿ ತೀರ್ಪುಗಾರರು ಇರುವುದಿಲ್ಲ, ಬಹುಮಾನವೂ ಇರುವುದಿಲ್ಲ. ಬಹುಮಾನಕ್ಕೆಂದು ಕೂಡಿಟ್ಟ ಹಣವನ್ನು ಬಂದ ಮೇಳಗಳಿಗೆಲ್ಲ ಸಮನಾಗಿ ಸಂಭಾವನೆಯಾಗಿ ಕೊಡಲಾಗುವುದು. ಕಥೆ ಒಂದು ರಾತ್ರಿಗೆ ಬದಲಾಗಿ ಮೂರು ರಾತ್ರಿ ನಡೆಯುವುದು. ಎಲ್ಲಿಂದ ಎತ್ತಿಕೊಳ್ಳಬೇಕು, ಎಲ್ಲಿ ನಿಲ್ಲಬೇಕು ಎಂಬುದು ಹಾಡುವವರಿಗೆ ಬಿಟ್ಟದ್ದು. ಅಚ್ಚಿನ ಕಾವ್ಯದ ಪ್ರತಿಗಳನ್ನು ಕೊಂಡು ಮೇಳದವರ ಮನೆಗಳಿಗೆ ಕಾಣಿಕೆಯಾಗಿ ಕಳಿಸುತ್ತೇವೆ. ಅವರ ಮೊಮ್ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ತಾತನಿಗೆ ಓದಿ ಹೇಳಲಿ, ತಾತ ಕೇಳಿ 'ನಾವು ಹೀಗೆ ಹಾಡೋದಿಲ್ಲ' ಎನ್ನಲಿ, ಮೊಮ್ಮಗ ಅದನ್ನು ಪುಟದ ಅಂಚಿನಲ್ಲಿ ಬರೆದುಕೊಳ್ಳಲಿ. ಅಂಥ ಪ್ರತಿ ಒಂದಾದರೂ ನಮ್ಮ ಗ್ರಂಥಾಲಯಕ್ಕೆ ಮರಳಿ ಬಂದರೆ ಅದನ್ನು ಅಚ್ಚುಹಾಕಿಸುವ ವೆಚ್ಚ ಮಠದ್ದು. ಹಾಡಿದವರ ಹೆಸರು, ಅವರ ಗುರುವಿನ ಹೆಸರು, ಊರು ಮುಖಪುಟದಲ್ಲಿಯೇ ಬರುವುದು.

ಪತ್ರ ಬರೆದ ಏಳು ಮಂದಿಗೂ ಒಂದು ಕೆಲಸ ಒಪ್ಪಿಸಿದ್ದೇವೆ. ಮೂರು ರಾತ್ರಿಯ ಹಾಡನ್ನು ಧ್ವನಿಮುದ್ರಿಸಿಕೊಳ್ಳುವ ಹೊಣೆ ಅವರದು. ಹಾಡು ಮುಗಿದ ಮೇಲೆ, ಬೆಳಗ್ಗೆ, ಕಾಫಿ ಕುಡಿಯುತ್ತ, ಯಾರಿಂದ ಕಲಿತಿರಿ ಎಂದು ಕೇಳಿ ಬರೆದುಕೊಳ್ಳುವ ಹೊಣೆಯೂ ಅವರದೇ. ಹೋದ ವರ್ಷ ಎದ್ದುನಿಂತ ತಮ್ಮನು ಈ ಕೆಲಸಕ್ಕೆ ಮೊದಲು ಒಪ್ಪಿದವನು. ಹಾಡುಗಾರ ವೃದ್ಧರ ಮನೆಗೆ ಅವನೇ ಹೋಗಿ ವೀಳ್ಯ ಕೊಟ್ಟು ಬಂದಿದ್ದಾನೆ. ಅವರು ಬರಲು ಒಪ್ಪಿದ್ದಾರೆ. ಸಂಕಮ್ಮನ ಸಾಲನ್ನೇ ಮತ್ತೆ ಎತ್ತಿಕೊಳ್ಳುವರಂತೆ, ಬಿಟ್ಟಲ್ಲಿಂದ. ಕಾರ್ತಿಕದ ಎರಡನೆಯ ಸೋಮವಾರ, ರಾತ್ರಿ ಪ್ರಸಾದವಾದ ಮೇಲೆ. ಮಂಜು ಬೀಳುವ ಕಾಲ. ಚಾಪೆಯ ಜೊತೆಗೆ ಕಂಬಳಿಯನ್ನೂ ತನ್ನಿರಿ.